ಮುಚ್ಚಳದೊಳಗಿನ ತಾರೀಖು

ತಾತ ತೀರಿಕೊಂಡ ಮೇಲೆ ಅವರ ವಾಚು ಎರಡು ವರ್ಷ ಅಮ್ಮನ ಬೀರುವಿನಲ್ಲಿ, ರೇಷನ್ ಕಾರ್ಡು ಮತ್ತು ಹಳೆಯ ಪಾಸ್‌ಬುಕ್ಕುಗಳ ಜೊತೆಗಿತ್ತು. ನನ್ನ ಪಿಎಚ್‌ಡಿ ನೋಂದಣಿಯಾದ ವಾರ ಅಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಕೊಟ್ಟರು. "ನಿಂತುಹೋಗಿದೆ, ರಿಪೇರಿ ಮಾಡಿಸಿ ಕಟ್ಟಿಕೋ. ತಾತ ಹೊಸದಾಗಿ ಕೊಂಡಿದ್ದು" ಅಂದರು. ಹೊಸದಾಗಿ ಕೊಂಡಿದ್ದು ಅನ್ನುವುದನ್ನು ಸೇರಿಸದೆ ನಮ್ಮ ಮನೆಯಲ್ಲಿ ಆ ವಾಚಿನ ಮಾತೇ ಬರುವುದಿಲ್ಲ. ಮನುಷ್ಯರ ಹೆಸರಿಗೆ ಇನಿಶಿಯಲ್ ಇರುತ್ತದಲ್ಲ, ಹಾಗೆ.

ಅದು ಎಚ್‌ಎಂಟಿ ಜನತಾ. ಬಿಳಿ ಡಯಲ್, ಮೂರು ಮುಳ್ಳು, ದಿನಾ ಬೆಳಿಗ್ಗೆ ಕೀ ಕೊಡಬೇಕು. ಜಾಲಹಳ್ಳಿ ಕ್ರಾಸಿನ ಹತ್ತಿರ ಒಬ್ಬ ವಯಸ್ಸಾದ ರಿಪೇರಿಯವರಿದ್ದಾರೆ. ಅಂಗಡಿ ಅಂದರೆ ಒಂದು ಮೆಟ್ಟಿಲಿನ ಕೆಳಗಿನ ಜಾಗ, ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ. ವಾಚು ಕೊಟ್ಟು, "ಒರಿಜಿನಲ್ಲಾ ನೋಡಿ ಹೇಳ್ತೀರಾ ಸಾರ್?" ಅಂತ ಕೇಳಿದೆ. ರಿಪೇರಿ ಮಾಡಿ ಅಂತ ಕೇಳುವ ಮೊದಲೇ ಆ ಪ್ರಶ್ನೆ ಬಾಯಿಗೆ ಬಂತು. ಯಾಕೆ ಬಂತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ.

ಕಾರಣ ಸ್ವಲ್ಪ ಮಟ್ಟಿಗೆ ಎಲ್ಲರಿಗೂ ಗೊತ್ತಿರುವುದೇ. ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಜಾಲಹಳ್ಳಿಯಲ್ಲಿ ಶುರುವಾದದ್ದು 1953ರಲ್ಲಿ, ಲೇತು ಮೊದಲಾದ ಯಂತ್ರಗಳನ್ನು ಮಾಡುವುದಕ್ಕೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲೇ ವಾಚಿನ ಕಾರ್ಖಾನೆ ಬಂತು. ಎರಡು ಮೂರು ದಶಕ ಇಡೀ ದೇಶ ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ನಿವೃತ್ತಿಗೆ ಈ ಊರಿನ ವಾಚನ್ನೇ ಉಡುಗೊರೆ ಕೊಟ್ಟಿತು. ಆಮೇಲೆ ಕ್ವಾರ್ಟ್ಜ್ ಬಂತು, ಟೈಟಾನ್ ಬಂತು, ನಷ್ಟ ಬಂತು. 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ ವಾಚಿನ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಮುಚ್ಚುತ್ತಾರೆ ಎಂಬ ಸುದ್ದಿ ಹಬ್ಬಿದ್ದೇ, ಅಲ್ಲಿಯವರೆಗೆ ಡ್ರಾಯರಿನಲ್ಲಿ ಬಿದ್ದಿದ್ದ ವಾಚುಗಳಿಗೆ ಬೆಲೆ ಬಂದುಬಿಟ್ಟಿತು. ಬೆಲೆ ಬಂದ ಕಡೆ ನಕಲಿ ಬರುತ್ತದೆ. ಎಚ್‌ಎಂಟಿಯ ನಕಲಿ ಮಾತ್ರ ವಿಚಿತ್ರವಾದದ್ದು. ಒಳಗಿನ ಮಷಿನ್ ನಿಜವಾದ ಎಚ್‌ಎಂಟಿಯದೇ ಇರುತ್ತದೆ. ಹಳೆಯ ಡಯಲನ್ನು ಕೆರೆದು, ಕಾರ್ಖಾನೆ ಎಂದೂ ಹಾಕಿರದ ಕಡುಗೆಂಪು, ಗಿಳಿಹಸಿರು ಬಣ್ಣ ಬಳಿದು, ಹೆಸರನ್ನು ಹೊಸದಾಗಿ ಅಚ್ಚು ಹಾಕಿರುತ್ತಾರೆ. ಮುಳ್ಳು ಒಂದು ವಾಚಿನದು, ಬಾಡಿ ಇನ್ನೊಂದರದು. ಎಲ್ಲ ಭಾಗವೂ ಎಲ್ಲೋ ಒಂದು ಕಡೆ ನಿಜ, ಒಟ್ಟು ವಾಚು ಮಾತ್ರ ಸುಳ್ಳು. ಇಂಥವನ್ನು "ನೂರಕ್ಕೆ ನೂರು ಒರಿಜಿನಲ್" ಎಂದು ಮಾರುವುದನ್ನು ನೋಡಿ ನೋಡಿ, ಕೈಗೆ ಹಳೆಯ ವಾಚು ಬಂದರೆ ಮೊದಲು ಅನುಮಾನಿಸಬೇಕು ಅನ್ನುವ ಅಭ್ಯಾಸ ನನಗೂ ಅಂಟಿತ್ತು. ತಾತ ಯಾರಿಂದಲೂ ಆನ್‌ಲೈನಿನಲ್ಲಿ ಕೊಂಡವರಲ್ಲ. ಆದರೂ ಕೇಳಿದೆ.

ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಡಯಲ್ ಕಾರ್ಖಾನೆಯದೇ, ಅಕ್ಷರ ಸಣ್ಣಗೆ ಚೂಪಾಗಿವೆ, ಮತ್ತೆ ಬಳಿದಿದ್ದರೆ ಅಂಚು ಊದಿಕೊಂಡಿರುತ್ತೆ ಅಂದರು. ಸೆಕೆಂಡ್ ಮುಳ್ಳು ಬದಲಾಗಿದೆ. ಗಾಜು ಬದಲಾಗಿದೆ, ಅದು ಎಲ್ಲರದ್ದೂ ಬದಲಾಗಿರುತ್ತೆ. ಕೀ ಕೊಡುವ ತಿರುಪು ಆಮೇಲೆ ಹಾಕಿದ್ದು. ಮಷಿನ್ ಚೆನ್ನಾಗಿದೆ, ಎಣ್ಣೆ ಒಣಗಿದೆ ಅಷ್ಟೆ. ಕೊನೆಗೆ ಬಿಚ್ಚಿಟ್ಟಿದ್ದ ಹಿಂಬದಿಯ ಮುಚ್ಚಳವನ್ನು ದೀಪಕ್ಕೆ ಹಿಡಿದು, "ಇಲ್ನೋಡಮ್ಮ" ಅಂತ ನನ್ನ ಕಡೆ ತಿರುಗಿಸಿದರು.

ಮುಚ್ಚಳದ ಒಳಗೆ ಸೂಜಿಮೊನೆಯಲ್ಲಿ ಕೆರೆದ ಗುರುತುಗಳಿದ್ದವು. ಹಿಂದಿನ ಕಾಲದ ರಿಪೇರಿಯವರು ವಾಚು ತೊಳೆದು ಎಣ್ಣೆ ಹಾಕಿದಾಗಲೆಲ್ಲ ಹೀಗೆ ತಾರೀಖನ್ನೋ ತಮ್ಮದೊಂದು ಗುರುತನ್ನೋ ಕೆರೆದಿಡುತ್ತಿದ್ದರಂತೆ. ಗಿರಾಕಿ ವಾಪಸ್ ಬಂದು ಜಗಳ ಮಾಡಿದರೆ ತಾನು ಯಾವಾಗ ಬಿಚ್ಚಿದ್ದೆ ಎಂದು ಗೊತ್ತಾಗಲಿ ಅಂತ. "ನಾನು ಈಗ ಕೆರೆಯೋದಿಲ್ಲ, ಪೆನ್ನಲ್ಲಿ ಬರೀತೀನಿ. ಕೆರೆದರೆ ಈಗಿನೋರು ವಾಚು ಹಾಳಾಯ್ತು ಅಂತಾರೆ" ಅಂದರು. ನಾಲ್ಕು ಗುರುತುಗಳಿದ್ದವು. 94, 86, 79ರವು ಮೂರು. ಎಲ್ಲಕ್ಕಿಂತ ಮೇಲೆ, ಸವೆದು ತೆಳುವಾಗಿದ್ದ ಇನ್ನೊಂದು: 14-3-72.

ತಾತ ಈ ವಾಚನ್ನು ಹೊಸದಾಗಿ ಕೊಂಡದ್ದು 1975ರ ದೀಪಾವಳಿಗೆ.

ಆ ಕತೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಆಗ ತಾತ ಯಶವಂತಪುರದ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಎಚ್‌ಎಂಟಿಗೆ ಎರಡು ಸಲ ಅರ್ಜಿ ಹಾಕಿದ್ದರು, ಸಿಕ್ಕಿರಲಿಲ್ಲ. "ಲೇತೂ ಎಚ್‌ಎಂಟಿ, ವಾಚೂ ಎಚ್‌ಎಂಟಿ, ಸಂಬಳ ಒಂದು ಮಾತ್ರ ಬೇರೆ" ಅಂತ ತಮಾಷೆ ಮಾಡುತ್ತಿದ್ದರು. ಪಕ್ಕದ ರಸ್ತೆಯವರೆಲ್ಲ ಕಾರ್ಖಾನೆಯ ಬಸ್ಸು ಹತ್ತುವಾಗ ಇವರು ಸೈಕಲ್ ತುಳಿದುಕೊಂಡು ಎದುರು ದಿಕ್ಕಿಗೆ ಹೋಗುತ್ತಿದ್ದರು. ಆ ವರ್ಷದ ಬೋನಸ್ಸು ಕೈಗೆ ಬಂದದ್ದೇ ಇಡೀ ದುಡ್ಡು ಒಯ್ದು, ಸರದಿಯಲ್ಲಿ ನಿಂತು, ಡಬ್ಬಿ ಸಮೇತ ವಾಚು ತಂದರು. ಅಜ್ಜಿ ಬೈದರು. ಇದಿಷ್ಟು ಕತೆ.

ರಿಪೇರಿಯವರನ್ನು ಕೇಳಿದೆ: 75ರಲ್ಲಿ ಹೊಸದಾಗಿ ಕೊಂಡ ವಾಚಿನಲ್ಲಿ 72ರ ತಾರೀಖು ಹೇಗೆ ಬಂತು? ಅವರು ನಕ್ಕರು. "ಎರಡೇ ದಾರಿ. ಒಂದು, ಸೆಕೆಂಡ್ ಹ್ಯಾಂಡ್ ತಗೊಂಡಿದಾರೆ. ಇಲ್ಲ ಅಂದ್ರೆ ಯಾವಾಗಲೋ ಮುಚ್ಚಳ ಹಾಳಾಗಿ, ಯಾರೋ ರಿಪೇರಿಯವನು ಬೇರೆ ವಾಚಿಂದು ತೆಗೆದು ಹಾಕಿದಾನೆ. ಜನತಾ ಮುಚ್ಚಳ ಜನತಾಗೆ ಕೂರುತ್ತೆ." ಯಾವುದು ಅಂತ ಹೇಳಬಹುದಾ? ಮುಚ್ಚಳವನ್ನು ಬಾಡಿಗೆ ಒತ್ತಿ, ತೆಗೆದು, ಮತ್ತೆ ಒತ್ತಿ ನೋಡಿದರು. ಆಗಲ್ಲ ಅಂದರು. ಮಷಿನ್ ಮೇಲೆ ಇರುವ ಸಂಖ್ಯೆ ಮಾದರಿಯದು, ಅದು ಆ ಥರದ ಎಲ್ಲ ವಾಚಿಗೂ ಒಂದೇ. ಈ ವಾಚಿನದ್ದೇ ಆದ ಗುರುತು ಅಂತ ಇದ್ದದ್ದು ಆ ಕೆರೆತಗಳು ಮಾತ್ರ.

ಮನೆಗೆ ಬರುವ ಹೊತ್ತಿಗೆ ಪ್ರಶ್ನೆ ಎಷ್ಟು ವಕ್ರವಾಗಿದೆ ಎಂದು ಗೊತ್ತಾಗಿತ್ತು. ಮುಚ್ಚಳ ವಾಚಿನದೇ ಆಗಿದ್ದರೆ, ವಾಚು ಒರಿಜಿನಲ್, ತಾತನ ಮಾತು ಸುಳ್ಳು. ತಾತನ ಮಾತು ನಿಜವಾಗಿದ್ದರೆ, ಮುಚ್ಚಳ ಬೇರೆಯದು, ವಾಚು ಒರಿಜಿನಲ್ ಅಲ್ಲ. ಎರಡರಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು. ನಾನು ರಿಪೇರಿಯವರ ಮುಂದೆ ಪರೀಕ್ಷೆಗೆ ಇಟ್ಟಿದ್ದು ವಾಚನ್ನು ಅಂದುಕೊಂಡಿದ್ದೆ. ಸಾಕ್ಷಿ ಕಟ್ಟೆಗೆ ಹತ್ತಿದ್ದು ತಾತ.

ತತ್ತ್ವಶಾಸ್ತ್ರ ಓದುವವರಿಗೆ ಇಂಥ ಹೊತ್ತಿನಲ್ಲಿ ಥೀಸಿಯಸ್ಸನ ಹಡಗು ನೆನಪಾಗುತ್ತದೆ. ಒಂದೊಂದೇ ಹಲಗೆ ಬದಲಾಯಿಸುತ್ತ ಹೋದ ಹಡಗು ಅದೇ ಹಡಗೋ ಅಲ್ಲವೋ ಎಂದು ಅಥೆನ್ಸಿನವರು ವಾದಿಸುತ್ತಿದ್ದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ತೆಗೆದ ಹಲಗೆಗಳನ್ನೆಲ್ಲ ಕೂಡಿಸಿ ಇನ್ನೊಂದು ಹಡಗು ಕಟ್ಟಿದರೆ ಯಾವುದು ಅಸಲು ಎಂದು 1655ರಲ್ಲಿ ಹಾಬ್ಸ್ ಕೊಕ್ಕೆ ಸೇರಿಸಿದ. ತರಗತಿಯಲ್ಲಿ ಇದು ಒಳ್ಳೆಯ ಆಟ. ಆದರೆ ನನ್ನ ಕೈಯಲ್ಲಿದ್ದ ವಾಚಿಗೆ ಅದು ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಗಾಜು ಬದಲಾದರೂ ಮುಳ್ಳು ಬದಲಾದರೂ ಇದು ತಾತನ ವಾಚೇ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಬೇಕಾದರೆ ಹೇಳುತ್ತೇನೆ: ಸಂಗ್ರಹಕಾರರು ಹೇಳುವ ಒರಿಜಿನಲ್ ಅಂದರೆ ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ. ಅಂದರೆ ಆದಷ್ಟೂ ಕಡಿಮೆ ಬಾಳಿದ ವಾಚು. ತಾತ ಲೇತಿನ ಮುಂದೆ ಮೂವತ್ತು ವರ್ಷ ಕಟ್ಟಿಕೊಂಡು ದುಡಿದು ಸವೆಸಿದ್ದೆಲ್ಲ ಆ ಲೆಕ್ಕದಲ್ಲಿ ಕುಂದು. ಆ ಅರ್ಥದ ಒರಿಜಿನಲ್ ಇಲ್ಲದಿದ್ದರೆ ನನಗೇನೂ ನಷ್ಟವಿಲ್ಲ. ನನ್ನನ್ನು ಕಾಡಿದ್ದು ಹಡಗಿನ ಪ್ರಶ್ನೆಯಲ್ಲ. ನಾವಿಕನ ಪ್ರಶ್ನೆ.

ಒಂದು ಸಣ್ಣ ಸುಳ್ಳಿಗೆ ಇಷ್ಟೇಕೆ ಎಂದು ನಿಮಗೆ ಅನ್ನಿಸಬಹುದು. ಆ ಕಾಲದಲ್ಲಿ ಸೆಕೆಂಡ್ ಹ್ಯಾಂಡ್ ವಾಚು ಕೊಂಡು ಹೊಸದು ಅಂದವರು ಎಷ್ಟು ಜನ ಇಲ್ಲ! ನಮ್ಮ ತಾತನ ವಿಷಯದಲ್ಲಿ ಇದು ಸಣ್ಣದಲ್ಲ. ಅವರಿಗೆ ಒಂದು ನಿಯಮವಿತ್ತು: ಇನ್ನೊಬ್ಬರು ಬಳಸಿ ಬಿಟ್ಟದ್ದು ನಮ್ಮ ಮನೆಗೆ ಬೇಡ. ಬಡತನವಿದ್ದರೂ ಹಳೇ ಬಟ್ಟೆ ತೆಗೆದುಕೊಳ್ಳಬಾರದು, ಹಳೇ ಪಠ್ಯಪುಸ್ತಕವನ್ನೂ ತರಬಾರದು. ಅಮ್ಮ ಹೈಸ್ಕೂಲಿಗೆ ಸೇರಿದ್ದು 1984ರಲ್ಲಿ. ಶಾಲೆ ದೂರ. ವರ್ಕ್‌ಶಾಪಿನ ಮಾಲೀಕರ ಮಗಳು ಕಾಲೇಜಿಗೆ ಹೋದಳು, ಅವಳ ಸೈಕಲ್ ಸುಮ್ಮನೆ ನಿಂತಿತ್ತು, ತೆಗೆದುಕೊಂಡು ಹೋಗಿ ಎಂದು ಅವರೇ ಹೇಳಿದರು. ದುಡ್ಡೂ ಕೇಳಲಿಲ್ಲ. ತಾತ ಬೇಡ ಅಂದರು. ಅಮ್ಮ ಅತ್ತರು, ಅಜ್ಜಿ ಜಗಳವಾಡಿದರು. ತಾತ ಕೈ ಚಾಚಿ ವಾಚು ತೋರಿಸಿ, "ಇದನ್ನ ನಾನು ಕಾಯ್ದು, ದುಡಿದು, ಹೊಸದಾಗಿ ತಗೊಂಡೆ. ನಿನ್ನ ಸೈಕಲ್ಲೂ ಹಾಗೇ ಬರುತ್ತೆ" ಅಂದರಂತೆ. ಸೈಕಲ್ ಬರಲಿಲ್ಲ. ಅಮ್ಮ ಮೂರು ವರ್ಷ ನಡೆದರು. ಈಗಲೂ ಮಳೆಗಾಲದಲ್ಲಿ ಆ ಮಾತು ಬರುತ್ತದೆ. ಕಹಿಯಾಗಿ ಅಲ್ಲ, ಒಂಥರಾ ಹೆಮ್ಮೆಯಿಂದಲೇ. ನಮ್ಮಪ್ಪ ಬಾಗಲಿಲ್ಲ ಅನ್ನುವ ಹೆಮ್ಮೆ. ಆ ಹೆಮ್ಮೆಗೆ ಆಧಾರವಾಗಿ ಇದ್ದದ್ದು ಈ ವಾಚು.

ಆದ್ದರಿಂದ ನನಗೆ ಮೊದಲು ಬಂದ ಯೋಚನೆ ಮುಚ್ಚಳ ಬದಲಾಗಿರಬೇಕು ಎಂಬುದು. ಬೆವರಿಗೆ, ವರ್ಕ್‌ಶಾಪಿನ ಕೂಲಂಟಿಗೆ ಏನೋ ಆಗಿರುತ್ತದೆ, 79ರಲ್ಲಿ ರಿಪೇರಿಗೆ ಕೊಟ್ಟಾಗ ಬೇರೆ ಹಾಕಿರುತ್ತಾರೆ. ಇದು ಅಸಾಧ್ಯವಲ್ಲ. ನ್ಯಾಯದರ್ಶನದ ಭಾಷೆಯಲ್ಲಿ ಹೇಳಿದರೆ, ಕೆರೆತದಿಂದ ವಾಚಿನ ವಯಸ್ಸನ್ನು ಊಹಿಸುವುದು ಅನುಮಾನ ಪ್ರಮಾಣ. ಹೊಗೆಯಿಂದ ಬೆಂಕಿಯನ್ನು ಊಹಿಸಿದ ಹಾಗೆ. ಆದರೆ ಈ ಅನುಮಾನದ ಹಿಂದೆ ಒಂದು ಷರತ್ತು ಅಡಗಿ ಕೂತಿದೆ, ನೈಯಾಯಿಕರು ಅದಕ್ಕೆ ಉಪಾಧಿ ಅನ್ನುತ್ತಾರೆ: ಮುಚ್ಚಳ ಈ ವಾಚಿನದೇ ಆಗಿರಬೇಕು. ಆ ಷರತ್ತು ಖಚಿತವಾಗದಿದ್ದರೆ ಅನುಮಾನ ನಿಲ್ಲುವುದಿಲ್ಲ. ಇನ್ನೊಂದು ಕಡೆ ಇರುವುದು ತಾತನ ಮಾತು, ಅಂದರೆ ಶಬ್ದ ಪ್ರಮಾಣ. ನಂಬಲರ್ಹನಾದ ಆಪ್ತನ ಮಾತೂ ಜ್ಞಾನದ ಮೂಲವೇ ಎಂದು ನ್ಯಾಯಸೂತ್ರ ಒಪ್ಪುತ್ತದೆ. ಆಪ್ತ ಅಂದರೆ ಯಾರು ಎಂಬುದಕ್ಕೆ ವಾತ್ಸ್ಯಾಯನ ಕೊಡುವ ವಿವರಣೆ ನನಗೆ ಬಹಳ ಇಷ್ಟ. ವಿಷಯವನ್ನು ಸ್ವತಃ ಕಂಡವನು, ಕಂಡದ್ದನ್ನು ಕಂಡ ಹಾಗೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಋಷಿಗಾಗಲಿ ಆರ್ಯನಿಗಾಗಲಿ ಮ್ಲೇಚ್ಛನಿಗಾಗಲಿ ಲಕ್ಷಣ ಒಂದೇ ಎಂದು ಸೇರಿಸುತ್ತಾನೆ. ಹಾಗಾದರೆ ಲೇತ್ ಆಪರೇಟರಿಗೂ ಅದೇ. ದುರ್ಬಲವಾದ ಅನುಮಾನ ಒಂದು ಕಡೆ, ಆಪ್ತನ ಮಾತು ಇನ್ನೊಂದು ಕಡೆ. ತೀರ್ಪು ತಾತನ ಪರ.

ಎರಡು ದಿನ ಈ ತೀರ್ಪಿನಲ್ಲಿ ಹಾಯಾಗಿದ್ದೆ. ಮೂರನೆಯ ದಿನ ಅದು ಮೋಸ ಅನ್ನಿಸಿತು. ವಾತ್ಸ್ಯಾಯನನ ಲಕ್ಷಣದಲ್ಲಿ ಎರಡು ಅಂಗಗಳಿವೆ. ವಾಚನ್ನು ಎಲ್ಲಿಂದ ತಂದೆ ಎಂಬುದು ತಾತನಿಗೆ ಗೊತ್ತಿತ್ತು, ಅದರಲ್ಲಿ ಸಂಶಯವಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳುವ ಇಚ್ಛೆ ಇತ್ತೆ? ಅದೇ ಈಗಿನ ಪ್ರಶ್ನೆ. ಆಪ್ತ ಎಂದು ಮೊದಲೇ ಒಪ್ಪಿಕೊಂಡು, ಆದ್ದರಿಂದ ಸುಳ್ಳು ಹೇಳಿರಲಾರರು ಎಂದು ತೀರ್ಮಾನಿಸಿದರೆ ನಾನು ವಾದ ಮಾಡುತ್ತಿಲ್ಲ, ಮಂಗಳಾರತಿ ಎತ್ತುತ್ತಿದ್ದೇನೆ. ಇನ್ನೊಬ್ಬರ ಮಾತನ್ನು ನಂಬುವುದಕ್ಕೂ ಪುರಾವೆ ಬೇಕು, ಹಿಂದಿನ ಅನುಭವದಲ್ಲಿ ತೂಗಿ ನೋಡಬೇಕು ಎಂದ ಹ್ಯೂಮ್. ಮಗು ಮಾತು ಕಲಿಯುವುದೇ ನಂಬುವ ಮೂಲಕ, ನಂಬಿಕೆ ಮೊದಲು, ಅನುಮಾನ ಆಮೇಲೆ ಎಂದ ಅವನ ಕಾಲದವನೇ ಆದ ಥಾಮಸ್ ರೀಡ್. ನಾನು ರೀಡನ ಕಡೆಯವಳು. ಆದರೆ ರೀಡ್ ಕೂಡ ಕಾರಣ ಎದುರಿಗೆ ಬಂದಾಗಲೂ ಕಣ್ಣು ಮುಚ್ಚಿಕೋ ಎಂದು ಹೇಳಲಿಲ್ಲ. 14-3-72 ಕಣ್ಣೆದುರಿಗೆ ಬಂದಿತ್ತು. ಅದನ್ನು ತಳ್ಳಿಹಾಕುತ್ತಿದ್ದುದಕ್ಕೆ ನನ್ನ ನಿಜವಾದ ಕಾರಣ ಉಪಾಧಿ ದೋಷವಲ್ಲ, ಅದು ಸುಳ್ಳಾಗಲಿ ಎಂಬ ಆಸೆ. ಅಪರಿಚಿತ ಮಾರಾಟಗಾರನೊಬ್ಬ ಇದೇ ವಾಚು ತೋರಿಸಿ "75ರಲ್ಲಿ ಹೊಸದಾಗಿ ತಗೊಂಡಿದ್ದು" ಅಂದಿದ್ದರೆ, ಆ ತಾರೀಖು ನೋಡಿದ ತಕ್ಷಣ ಎದ್ದು ಬರುತ್ತಿದ್ದೆ. ಅವನಿಗೊಂದು ಅಳತೆ, ತಾತನಿಗೊಂದು ಅಳತೆ.

ಹಾಗೆಂದು ಅಳತೆ ಒಂದೇ ಇರಬೇಕೆ? ಇಲ್ಲಿ ನನಗೆ ಇನ್ನೂ ಗೊಂದಲವಿದೆ. ಮಾರಾಟಗಾರನ ಎದುರಿಗೆ ನಾನು ಎದ್ದು ಬಂದರೆ ಅವನು ಇನ್ನೊಬ್ಬರ ಹತ್ತಿರ ಹೋಗುತ್ತಾನೆ, ಜವಾಬು ಕೊಡುವ ಬಾಯಿ ಅವನಿಗಿದೆ. ತಾತ ಜವಾಬು ಕೊಡಲಾರರು. "ಅಯ್ಯೋ ಹುಚ್ಚಿ, ಅದು 80ರಲ್ಲಿ ಬಿದ್ದು ಮುಚ್ಚಳ ಕಳೆದುಹೋಯ್ತು" ಎಂದು ಒಂದು ವಾಕ್ಯದಲ್ಲಿ ಮುಗಿಸಬಹುದಾಗಿದ್ದ ವಿಚಾರಣೆಯನ್ನು ನಾನು ಅವರಿಲ್ಲದಾಗ ನಡೆಸುತ್ತಿದ್ದೇನೆ. ಸತ್ತವರಿಗೆ ನಾವು ಏನಾದರೂ ಸಲ್ಲಿಸಬೇಕಾದದ್ದು ಇದ್ದರೆ, ಅದು ಹೊಗಳಿಕೆಯಲ್ಲ ಅನ್ನಿಸುತ್ತದೆ. ಇನ್ನೊಂದು ಸಾಧ್ಯತೆಯನ್ನು ಬಾಗಿಲು ಮುಚ್ಚದೆ ಬಿಟ್ಟಿರುವುದು, ಅಷ್ಟೆ.

ಇದರ ನಡುವೆ ಬಹಳ ಸುಂದರವಾದ ವಿವರಣೆಯೊಂದು ಹೊಳೆಯಿತು. ತಾತ ಸೆಕೆಂಡ್ ಹ್ಯಾಂಡೇ ಕೊಂಡರು, ಯಾವುದೋ ಗಿರವಿ ಅಂಗಡಿಯಲ್ಲಿ, ಯಾರೋ ಬಿಡಿಸಿಕೊಳ್ಳಲಾಗದೆ ಬಿಟ್ಟದ್ದನ್ನು. ಇನ್ನೊಬ್ಬರ ಕೈಯ ಬೆವರಿನ ವಾಚು ಕಟ್ಟಿಕೊಂಡು ಹೊಸದೆಂದು ಹೇಳಿಕೊಳ್ಳುವುದರ ನಾಚಿಕೆ ಅವರಿಗೆ ಗೊತ್ತಿತ್ತು, ಅದಕ್ಕೇ ಮಗಳಿಗೆ ಆ ಸ್ಥಿತಿ ಬೇಡವೆಂದು ಸೈಕಲ್ ಬೇಡ ಅಂದರು. ಸುಳ್ಳಿನಿಂದಲೇ ನಿಯಮ ಹುಟ್ಟಿತು. ಕತೆ ಬರೆಯುವುದಾದರೆ ಇದನ್ನೇ ಬರೆಯುತ್ತಿದ್ದೆ. ಆದರೆ ಇದಕ್ಕೆ ನನ್ನ ಹತ್ತಿರ ಒಂದು ಚೂರು ಆಧಾರವೂ ಇಲ್ಲ. ಮೇಲಾಗಿ ಇದರಲ್ಲಿ ನಡೆದವರ ಕಾಲಿನ ಮಾತೇ ಇಲ್ಲ. ತಾತನ ನಾಚಿಕೆಯ ಆಳ ಅಳೆಯುತ್ತ ಕೂತ ನನಗೆ, ಮೂರು ವರ್ಷ ಮಳೆಯಲ್ಲಿ ನಡೆದದ್ದು ಅಮ್ಮ ಎಂಬುದು ಮರೆತೇಹೋಗಿತ್ತು.

ಅದು ನೆನಪಾದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ವಾಚು ನನ್ನ ಕೈಯಲ್ಲಿದ್ದರೂ ಆ ತಾರೀಖು ನನ್ನದಲ್ಲ. ತಾತನ ಮಾನ ಉಳಿಸುವ ಹೆಸರಿನಲ್ಲಿ ಅದನ್ನು ಅಮ್ಮನಿಂದ ಮುಚ್ಚಿಟ್ಟರೆ, ಅವರಿಗೆ ಏನು ಗೊತ್ತಿರಬೇಕು, ಏನು ಗೊತ್ತಿರಬಾರದು ಎಂದು ನಾನು ತೀರ್ಮಾನ ಮಾಡಿದ ಹಾಗೆ. ತಾತ ಸುಳ್ಳು ಹೇಳಿದ್ದೇ ಆದರೆ ಅವರು ಮಾಡಿದ್ದೂ ಅದನ್ನೇ ಅಲ್ಲವೆ? "ಹೇಳಿದರೆ ಅಮ್ಮನಿಗೆ ನೋವಾಗುತ್ತದೆ" ಎಂಬ ಮಾತಿನಲ್ಲಿ ಕರುಣೆ ಎಷ್ಟು, ಅಧಿಕಾರ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇದನ್ನು ಒಪ್ಪದವರಿದ್ದಾರೆ. ನನ್ನ ಜೊತೆ ಸಂಶೋಧನೆ ಮಾಡುವ ಗೆಳತಿ, "ಯಾರಿಗೂ ಪ್ರಯೋಜನವಿಲ್ಲದ ಸತ್ಯವನ್ನು ತಂದು ಮನೆಯ ನಡುವೆ ಇಡುವುದು ಪ್ರಾಮಾಣಿಕತೆಯಲ್ಲ, ಚಪಲ" ಅಂದಳು. ಆ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ರಿಪೇರಿಯವರ ಮುಂದೆ ಆ ಮೊದಲ ಪ್ರಶ್ನೆ ಕೇಳಿದ್ದು ಚಪಲವೇ ಇರಬಹುದು. ಆದರೆ ಚಪಲದಿಂದ ತಿಳಿದದ್ದೂ ತಿಳಿದದ್ದೇ. ಅಮ್ಮ ಮುಂದಿನ ಸಲ "ನಮ್ಮಪ್ಪ ಹೊಸದಾಗಿ ಕೊಂಡಿದ್ದು" ಅಂದಾಗ ನಾನು ತಲೆಯಾಡಿಸಬೇಕಾಗುತ್ತದೆ. ಆ ತಲೆಯಾಡಿಸುವಿಕೆ ನನ್ನದೇ ಸುಳ್ಳು, ತಾತನ ತಲೆಗೆ ಕಟ್ಟುವಂತಿಲ್ಲ.

ವಾಚು ರಿಪೇರಿಯಾಗಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಹೇಳಿದೆ. ಎರಡು ದಾರಿಯನ್ನೂ ಹೇಳಿದೆ, ಯಾವುದಕ್ಕೂ ಒತ್ತು ಕೊಡದ ಹಾಗೆ ಪ್ರಯತ್ನಪಟ್ಟೆ. ಫೋನಿನಲ್ಲಿ ತೆಗೆದಿದ್ದ ಮುಚ್ಚಳದ ಫೋಟೊ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಸಿಟ್ಟಾದರು, ನನ್ನ ಮೇಲೆ.

"ಓಡ್ತಾ ಇಲ್ಲ, ಓಡೋ ಹಾಗೆ ಮಾಡಿಸು ಅಂದೆ. ಬಿಚ್ಚಿ ಒಳಗೇನಿದೆ ನೋಡು ಅಂತ ಯಾರು ಹೇಳಿದ್ದು?"

ಉತ್ತರ ಕೊಡಲಿಲ್ಲ. ಸಂಜೆಯವರೆಗೆ ಆ ಮಾತು ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅಮ್ಮ ಹಿದುಕಿದ ಬೇಳೆ ಸಾರು ಬಡಿಸುತ್ತ ಇದ್ದಕ್ಕಿದ್ದ ಹಾಗೆ, "ಯಾವ ಇಸವಿ ಅಂದೆ?" ಅಂತ ಕೇಳಿದರು. ಎಪ್ಪತ್ತೆರಡು ಅಂದೆ. ಸ್ವಲ್ಪ ಹೊತ್ತು ಸೌಟು ಹಿಡಿದುಕೊಂಡೇ ನಿಂತಿದ್ದರು.

"ಆ ಸೈಕಲ್‌ಗೆ ಮುಂದೆ ಬುಟ್ಟಿ ಇತ್ತು" ಅಂದರು. "ಬೆತ್ತದ್ದು."